ಮೀನಿಗೂ ಪಾಚಿಗೂ ಏನು ಸಂಬಂಧ ಎಂದು ನಕ್ಕವರಿಗೆ

ಮಾನ್ಯ ಸಂಪಾದಕರೇ,

ಭಾನುವಾರದ ವಿಜ್ಞಾನ ವಸ್ತುಪ್ರದರ್ಶನದ ವರದಿಯಲ್ಲಿ, 'ಸಮುದ್ರವಿಲ್ಲದ ಊರಲ್ಲಿ ತೊರಕೆ ಮೀನು! ಮೀನಿಗೂ ಪಾಚಿಗೂ ಏನು ಸಂಬಂಧ?' ಎಂಬ ತೀರ್ಪುಗಾರರ ಮಾತನ್ನು ನೀವೂ ತಮಾಷೆಯೆಂಬಂತೆ ಅಚ್ಚು ಹಾಕಿದ್ದೀರಿ. ಮಂಟಾ ಎಂಬ ತೊರಕೆ ಮೀನನ್ನೂ ಮಾರ್ಕಾಂಷಿಯಾ ಎಂಬ ಪುಟ್ಟ ಸಸ್ಯವನ್ನೂ ಹೋಲಿಸಿದ ಆ ಮಾದರಿ ಮಾಡಿದವಳು ನನ್ನ ಮಗಳು. ಅಂದು ರಾತ್ರಿ ಅವಳು ಊಟ ಮಾಡಲಿಲ್ಲ.

ಮಲ್ಪೆ, ಮಂಗಳೂರಿನ ಮೀನು ತುಮಕೂರಿಗೆ ಬರುವುದಿಲ್ಲವೇ? ತಿನ್ನಲು ಬೇಕು, ತಿಳಿಯಲು ಬೇಡವೇ? ಮಂಟಾ ತೊರಕೆ ಅಗಲದಲ್ಲಿ ಏಳು ಮೀಟರ್ ಮುಟ್ಟಬಲ್ಲ ಜೀವ. ವರ್ಷದಷ್ಟು ಕಾಲ ಗರ್ಭ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮುಂದಿನ ಮರಿಗೆ ಮತ್ತೆ ವರ್ಷಗಳೇ ಬೇಕು. ಕಿವಿರಿನ ಆಸೆಗೆ ಅದನ್ನು ಹಿಡಿದೂ ಹಿಡಿದೂ, 2020ರಲ್ಲಿ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ 'ಕೆಂಪು ಪಟ್ಟಿ'ಯಲ್ಲಿ ಅಳಿವಿನಂಚಿಗೆ ಸೇರಿಸಬೇಕಾಯಿತು. ಮಾರ್ಕಾಂಷಿಯಾ ಬಾವಿಕಟ್ಟೆಯ ತೇವಕ್ಕೆ ಅಂಟಿಕೊಂಡಿರುವ ಚಿಕ್ಕ ಸಸ್ಯ. ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಮೈಮೇಲಿನ ಪುಟ್ಟ ಬಟ್ಟಲಿಗೆ ಒಂದು ಮಳೆಹನಿ ಬಿದ್ದರೆ ಒಳಗಿನ ಹಸಿರು ಬಿಲ್ಲೆಗಳು ಸಿಡಿದು, ಬಿದ್ದಲ್ಲೆಲ್ಲ ಹೊಸ ಗಿಡವಾಗುತ್ತವೆ. ಒಂದು ಏಕೆ ಅಳಿಯುತ್ತಿದೆ, ಇನ್ನೊಂದು ಏಕೆ ಲೋಕದ ತುಂಬ ಇದೆ ಎಂಬುದೇ ಅವಳ ಪ್ರಶ್ನೆ. ಅಂದ ಹಾಗೆ, ಮಾರ್ಕಾಂಷಿಯಾ ಪಾಚಿಯಲ್ಲ. ಪ್ರಥಮ ಪಿಯು ಪುಸ್ತಕದಲ್ಲೇ ಇದೆ.

ಆ ಗಿಡಕ್ಕಾಗಿ ನಾನು ರಜೆ ಹಾಕಿ ಸಕಲೇಶಪುರದ ನೆಂಟರ ಮನೆಗೆ ಹೋಗಿದ್ದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದೆ. ಹತ್ತಕ್ಕೆ ಬರಬೇಕಾದ ತೀರ್ಪುಗಾರರು ಬಂದದ್ದು ಒಂದೂವರೆಗೆ. ಶಾಮಿಯಾನದ ಅರ್ಧ ಭಾಗಕ್ಕೆ ನೆರಳಿಲ್ಲ, ಕುಡಿಯಲು ನೀರಿಲ್ಲ. ಮಗಳು ತನ್ನ ಬಾಟಲಿಯ ನೀರನ್ನು ಗಿಡಕ್ಕೇ ಚಿಮುಕಿಸಿ ತಾನು ಬಾಯಾರಿ ನಿಂತಳು. ಅವರು ಒಂದು ನಿಮಿಷವೂ ನಿಲ್ಲದೆ ನಕ್ಕು ಮುಂದೆ ಹೋದರು. ವೇದಿಕೆಯ ಗಣ್ಯರ ಮುಂದೆ ಮಾತ್ರ ಸಾಲಾಗಿ ನೀರಿನ ಬಾಟಲಿಗಳಿದ್ದವು.

ಅಧಿಕಾರಿಗಳ ಈ ಧೋರಣೆ ಹೊಸದಲ್ಲ. ಮನೆಯ ಖಾತೆ ಬದಲಾವಣೆಗೆ ನಾನು ಒಂದು ಕಚೇರಿಗೆ ಒಂಬತ್ತು ಸಲ ಅಲೆದಿದ್ದೇನೆ. ಅಲ್ಲಿಯೂ ಕೇಳಿಸಿಕೊಳ್ಳುವವರಿಲ್ಲ, 'ನಾಳೆ ಬನ್ನಿ' ಎನ್ನುವವರೇ ಎಲ್ಲ.

ತೀರ್ಪುಗಾರರು ಆ ಮಾದರಿಯನ್ನು ಮತ್ತೆ ಪರಿಶೀಲಿಸಲಿ, ಇಲ್ಲವೇ ಮಗುವಿನ ಕ್ಷಮೆ ಕೇಳಲಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಮುಂದಿನ ವರ್ಷ ಮಕ್ಕಳಿಗೆ ನೀರನ್ನಾದರೂ ಇಡಲಿ. ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಿ ನಗಲು ಇವರಿಗೆ ನಾಚಿಕೆಯಾಗಬೇಕು.

– ನೊಂದ ಪೋಷಕ, ಕ್ಯಾತ್ಸಂದ್ರ, ತುಮಕೂರು