ಹೊಸ ಕೊಡದ ಮಾತು ಯಾರೂ ಎತ್ತುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು, ‘ಘಟಶ್ರಾದ್ಧ’ದಂಥ ಸಿನಿಮಾಗಳು ಧರ್ಮಕ್ಕೆ ಅವಮಾನ ಮಾಡಿವೆ ಎಂದು ಬರೆದಿದ್ದರು. ನಾನು ತೀರ್ಥಹಳ್ಳಿ ಕಡೆಯ ಪುರೋಹಿತ. 42 ವರ್ಷದಿಂದ ಇದೇ ಕೆಲಸ. ತಿಂಗಳಿಗೆ ಏಳೆಂಟು ತಿಥಿ ಮಾಡಿಸುತ್ತೇನೆ. ಪಕ್ಷಮಾಸದಲ್ಲಂತೂ ಮನೆಯಲ್ಲಿ ಕೂತು ಉಣ್ಣಲು ಪುರುಸೊತ್ತಿರುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ಎರಡು ಮಾತು ಹೇಳುವುದು ನನ್ನ ಕರ್ತವ್ಯ ಅನ್ನಿಸಿತು.

ಅನಂತಮೂರ್ತಿಯವರ ಕಥೆಯನ್ನು ಗಿರೀಶ್ ಕಾಸರವಳ್ಳಿಯವರು ಸಿನಿಮಾ ಮಾಡಿದ್ದು 1977ರಲ್ಲಿ. ಅದು ಅವರ ಮೊದಲ ಕಥಾಚಿತ್ರ, ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣ ಕಮಲವೂ ಬಂತು. ವೇದ ಹೇಳಿಕೊಡುವ ಉಡುಪರ ವಿಧವೆ ಮಗಳು ಯಮುನಾ ಬಸುರಾಗುತ್ತಾಳೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಇದರಲ್ಲಿ ಧರ್ಮಕ್ಕೆ ಬೈದದ್ದು ಎಲ್ಲಿದೆ? ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕೂತ ಯಮುನೆಯನ್ನು ನಾಣಿ ಎಂಬ ಪುಟ್ಟ ಮಾಣಿ ನೋಡುತ್ತಾನೆ. ಅವನಿಗೆ ಶಾಸ್ತ್ರ ಗೊತ್ತಿಲ್ಲ. ತನ್ನನ್ನು ಪ್ರೀತಿಯಿಂದ ನೋಡಿಕೊಂಡ ಯಮುನಕ್ಕ ಮಾತ್ರ ಗೊತ್ತು. ಆ ಹುಡುಗನ ಕಣ್ಣನ್ನು ನೋಡಿದ ಮೇಲೆ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಯಾಕೆಂದರೆ ಅಂಥದೊಂದು ಕೆಲಸವನ್ನು ನಾನೇ ಮಾಡಿಸಿದ್ದೆ.

1986ರ ಮಳೆಗಾಲ. ನನಗೆ 26 ವರ್ಷ. ಒಂದು ಮನೆಯಿಂದ ಕರೆ ಬಂತು. ಅವರ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿದ್ದಳು. ‘ಎಳ್ಳು ನೀರು ಬಿಟ್ಟುಬಿಡ್ತೀನಿ ಭಟ್ರೇ, ಮಾಡಿಸಿ’ ಎಂದರು ಯಜಮಾನರು. ಆಗಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಬದುಕಿರುವವರನ್ನು ಸತ್ತವರೆಂದು ಎಣಿಸಿ, ಕೊಡ ಒಡೆದು ಹೊರಗೆ ಹಾಕುವ ಘಟಸ್ಫೋಟದ ವಿಧಿಯೂ ಸರಿಯಾಗಿ ಗೊತ್ತಿರಲಿಲ್ಲ. ಜನಿವಾರ ಬಲ ಹೆಗಲ ಮೇಲೆ ಹಾಕಿಸಿ, ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿ, ತರ್ಪಣದ ಮಂತ್ರವನ್ನೇ ಹೇಳಿಸಿದೆ. ಮಗಳ ಹೆಸರಿಗೆ ‘ಪ್ರೇತ’ ಸೇರಿಸಿ ಹೇಳಿ ಎಂದೆ. ಅವರು ಮೂರು ಸಲ ತಡವರಿಸಿದರು. ಕೊನೆಗೆ ಹೇಳಿದರು. ಎಳ್ಳು ಅವರ ಒದ್ದೆ ಕೈಗೆ ಅಂಟಿಕೊಂಡಿತ್ತು, ಎಷ್ಟು ನೀರು ಬಿಟ್ಟರೂ ಪೂರ್ತಿ ಹೋಗಲಿಲ್ಲ.

ನಾನು ಹೊರಟಾಗ ಮನೆಯಮ್ಮ ಹಿತ್ತಲ ಬಾಗಿಲ ಹತ್ತಿರ ಕಾಯುತ್ತಿದ್ದರು. ಗಂಡನಿಗೆ ಕೇಳಿಸದ ಹಾಗೆ, ಮೆಲ್ಲಗೆ ಒಂದೇ ಒಂದು ಮಾತು ಕೇಳಿದರು: ‘ಭಟ್ರೇ, ಅವಳ ಜನ್ಮನಕ್ಷತ್ರದ ದಿವ್ಸ ದೇವಸ್ಥಾನದಲ್ಲಿ ಅರ್ಚನೆ ಮಾಡಿಸ್ತಿದ್ದೆ. ಇನ್ನು ಮೇಲೆ ಮಾಡಿಸಬಹುದಾ?’

‘ಹೋದವರ ಹೆಸರಲ್ಲಿ ಅರ್ಚನೆ ಮಾಡೋದಿಲ್ಲ ಅಮ್ಮಾ’ ಎಂದೆ. ಶಾಸ್ತ್ರ ಹೇಳುವವನ ಗತ್ತಿನಲ್ಲಿ ಹೇಳಿದೆ.

ಸಿನಿಮಾ ನೋಡಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ, ಟೀವಿಯಲ್ಲಿ. ಆಮೇಲೆ ಗ್ರಂಥ ತೆಗೆದು ಕೂತೆ. ಮನುಸ್ಮೃತಿಯ 11ನೇ ಅಧ್ಯಾಯದಲ್ಲಿ ಈ ವಿಧಿ ಇದೆ. ಊರ ಹೊರಗೆ, ಸಂಜೆ ಹೊತ್ತು, ದಾಸಿಯೊಬ್ಬಳು ನೀರು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕು. ನೆಂಟರು ಆಮೇಲೆ ಮಾತಾಡಬಾರದು, ಆಸ್ತಿಯಲ್ಲಿ ಪಾಲು ಕೊಡಬಾರದು. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲೇ, ಎರಡು ಮೂರು ಶ್ಲೋಕ ದಾಟಿದರೆ, ಇನ್ನೊಂದು ಕೊಡ ಬರುತ್ತದೆ! ಪ್ರಾಯಶ್ಚಿತ್ತ ಮಾಡಿಕೊಂಡವನ ಜೊತೆ ನೆಂಟರೆಲ್ಲ ಸೇರಿ ಶುದ್ಧವಾದ ನೀರಿನಲ್ಲಿ ಸ್ನಾನ ಮಾಡಬೇಕು, ನೀರು ತುಂಬಿದ ಹೊಸ ಕೊಡವನ್ನು ಅದರಲ್ಲಿ ಬಿಡಬೇಕು, ಅವನು ಮತ್ತೆ ಮನೆಯವನಾಗಬೇಕು. ಹೆಂಗಸರ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅವರಿಗೆ ಬಟ್ಟೆ, ಅನ್ನ, ನೀರು ಕೊಡಲೇಬೇಕು, ಮನೆಯ ಹತ್ತಿರವೇ ಇರಲು ಜಾಗ ಕೊಡಬೇಕು.

ಆ ಗ್ರಂಥ ಹೇಳಿದ್ದೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಪ್ರೀತಿಸಿ ಮದುವೆಯಾದ ಹುಡುಗಿಗೆ ಯಾವ ಪ್ರಾಯಶ್ಚಿತ್ತ, ಯಾಕೆ? ಆದರೆ ಶಾಸ್ತ್ರ ಶಾಸ್ತ್ರ ಅನ್ನುವವರಿಗೆ ಕೇಳುತ್ತೇನೆ. ಒಡೆಯುವ ಕೊಡವನ್ನು ಮಾತ್ರ ಯಾಕೆ ನೆನಪಿಟ್ಟುಕೊಂಡೆವು? ಈ 42 ವರ್ಷದಲ್ಲಿ ಎಳ್ಳು ನೀರಿಗೆ ನನ್ನನ್ನು ಕರೆದವರಿದ್ದಾರೆ, ಹೊಸ ಕೊಡಕ್ಕೆ ಕರೆದವರು ಒಬ್ಬರೂ ಇಲ್ಲ. ಧರ್ಮ ಬಲ್ಲವರೆಲ್ಲ ಸುಮ್ಮನಿದ್ದಾಗ, ಆ ಮರದ ಕೆಳಗೆ ಕೂತವಳಿಗೆ ಅನ್ನ ಹಾಕುವವರು ಯಾರು ಎಂದು ನಮ್ಮನ್ನು ಯೋಚಿಸುವಂತೆ ಮಾಡಿದ್ದು ಆ ಸಿನಿಮಾ. ಅದು ಅವಮಾನ ಹೇಗಾಗುತ್ತದೆ?

ಈಗಲೂ ಕರೆ ಬರುತ್ತವೆ. ಹೋದ ವರ್ಷವೂ ಫೋನಿನಲ್ಲಿ ಒಬ್ಬರು ಕೇಳಿದರು. ನಾನು ಮಾಡಿಸುವುದಿಲ್ಲ. ನನ್ನ ಜೊತೆ ಕಲಿತವರಿಗೂ, ನನ್ನ ಹತ್ತಿರ ಕಲಿತ ಹುಡುಗರಿಗೂ ಮಾಡಿಸಬೇಡಿ ಎಂದು ಹೇಳಿದ್ದೇನೆ. ಎಲ್ಲರೂ ಒಪ್ಪಿಲ್ಲ. ಆ ತಾಯಿ ತೀರಿಕೊಂಡು ಬಹಳ ಕಾಲವಾಯಿತು. ಮಗಳದ್ದು ಅನೂರಾಧಾ ನಕ್ಷತ್ರ. ಪ್ರತಿ ತಿಂಗಳು ಆ ದಿನ ಅವಳ ಹೆಸರು ಹೇಳಿ ನಾನೇ ಅರ್ಚನೆ ಮಾಡುತ್ತೇನೆ.

ಚಿತ್ರದ ಹಳೆಯ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರಂತೆ, ಸಂತೋಷ. ಅದನ್ನು ನಮ್ಮ ಕಡೆಯ ಊರುಗಳಲ್ಲೂ ತೋರಿಸಬೇಕು. ನಮ್ಮ ದೇವಸ್ಥಾನದ ಭೋಜನಶಾಲೆಯಲ್ಲಿ 200 ಜನ ಕೂರಬಹುದು. ಸಮಿತಿಯವರನ್ನು ಒಪ್ಪಿಸುವುದು ನನಗಿರಲಿ. ಪತ್ರ ಬರೆದ ಆ ಓದುಗರೂ ದಯವಿಟ್ಟು ಬರಬೇಕು, ಊಟ ನಮ್ಮ ಮನೆಯಲ್ಲೇ.

ಇತಿ,
ಒಬ್ಬ ಪುರೋಹಿತ
ತೀರ್ಥಹಳ್ಳಿ ತಾಲ್ಲೂಕು