ಬೇಸಿಗೆಯ ಹಳಗನ್ನಡ ತರಗತಿಗೆ ಹೊರಟವಳಿಗೆ

ಚಿ. ಸೌ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಐವತ್ತರ ಹೊಸ್ತಿಲಲ್ಲಿ ಮಡಿಕೇರಿಯ ಬೇಸಿಗೆ ತರಗತಿಗೆ ಸೇರುತ್ತಿರುವುದು ಕೇಳಿ ಸಂತೋಷವಾಯಿತು. ಆದರೆ ಹಳಗನ್ನಡ, ಸಂಸ್ಕೃತ ಎರಡಕ್ಕೂ ಹೆಸರು ಕೊಟ್ಟಿದ್ದೀಯಂತೆ. ಒಂದನ್ನು ಬಿಡು. ಸಂಬೋಧನೆಯೂ ಸೇರಿ ರಾಮ ಶಬ್ದವೊಂದಕ್ಕೇ 24 ರೂಪ. ಅದರ ಜತೆ ಹಳಗನ್ನಡದ ಪ್ರತ್ಯಯಗಳನ್ನೂ ಎರಡು ವಾರದಲ್ಲಿ ತುರುಕಿದರೆ ಒಂದರ ಬಾಲ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಸಂಸ್ಕೃತ ಮುಂದಿನ ಬೇಸಿಗೆಗಿರಲಿ.

ರೊಬಸ್ಟಾ ಕಾಫಿಯ ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲೇ ಱ, ೞ ಎರಡನ್ನೂ ಕಣ್ಣಿಗೆ ರೂಢಿ ಮಾಡಿಕೊ. ಈಗ ಅವು ರ, ಳಗಳಲ್ಲಿ ಕರಗಿಹೋಗಿವೆ. ಅಱಿ ಎಂದರೆ ತಿಳಿ. ಅರಿ ಎಂದರೆ ಕತ್ತರಿಸು. ಗಮನಿಸದೆ ಓದಿದೆಯೋ, ಅರ್ಥ ತಲೆಕೆಳಗು.

ಕೊಡಗಿನವಳಿಗೆ ಒಂದು ಅನುಕೂಲವೂ ಉಂಟು. ನಾವು ಹುತ್ತರಿ ಎಂದರೆ ಕೊಡವರು ಪುತ್ತರಿ ಎನ್ನುತ್ತಾರೆ. ನಮ್ಮ ಹಾಲು ಅವರಿಗೆ ಪಾಲ್, ಹೂವು ಪೂ. ಪಂಪ 941ರಲ್ಲಿ ಆದಿಪುರಾಣ ಬರೆದ ಕನ್ನಡದಲ್ಲೂ ಹೀಗೇ. ಪುಲಿ, ಪೊಲ ಎಂದು ಕಂಡರೆ ಮೊದಲ ಪಕಾರಕ್ಕೆ ಹಕಾರ ಹಾಕಿ ನೋಡು, ನಿಘಂಟಿಗೆ ಕೈಹಾಕುವ ಕೆಲಸವೇ ಎಷ್ಟೋ ತಪ್ಪುತ್ತದೆ. ಇದನ್ನು ತಿರುಗಿಸಲು ಮಾತ್ರ ಹೋಗಬೇಡ: ಹಂಸ, ಹಸ್ತ ಸಂಸ್ಕೃತದಿಂದ ಬಂದವು, ಆಗಲೂ ಅವಕ್ಕೆ ಹಕಾರವೇ. ಅಪ್ಪ, ತಪ್ಪುಗಳ ಒತ್ತಿನ ಪಕಾರವಂತೂ ಇಂದಿಗೂ ಅಲುಗಿಲ್ಲ.

ಹೆಚ್ಚಿನವರು ಎಡವುವುದು ಸೊನ್ನೆಯಲ್ಲಿ. ‘ಅರಸಂ ಪುಲಿಯಂ ಕಂಡಂ’ ಎಂಬಲ್ಲಿ ಮೂರು ಸೊನ್ನೆ, ಮೂರಕ್ಕೂ ಬೇರೆ ಕೆಲಸ. ಅರಸಂ ಎಂದರೆ ಅರಸನು, ಪುಲಿಯಂ ಎಂದರೆ ಹುಲಿಯನ್ನು, ಕಂಡಂ ಎಂದರೆ ಕಂಡನು. ಹುಲಿಯೇ ಅರಸನನ್ನು ಕಂಡರೆ ‘ಪುಲಿ ಅರಸನಂ ಕಂಡುದು’. ಹೊಸಗನ್ನಡದ ಕಿವಿ ಅರಸಂ ಎಂಬುದನ್ನೇ ‘ಅರಸನನ್ನು’ ಎಂದು ಹಿಡಿಯುತ್ತದೆ, ಅಲ್ಲಿಗೆ ಬೇಟೆಗಾರನೇ ಬೇಟೆ. ದಿನಾ ಬೆಳಿಗ್ಗೆ ಒಂದು ನಾಮಪದಕ್ಕೆ ಅರಸಂ, ಅರಸನಂ, ಅರಸನಿಂ, ಅರಸಂಗೆ, ಅರಸನ, ಅರಸನೊಳ್ ಎಂಬಂತೆ ಕೈಯಾರೆ ಬರೆ. ಈ ವಯಸ್ಸಿನಲ್ಲಿ ಬಾಯಿಪಾಠ ನಿಲ್ಲದಿದ್ದರೂ ಬರೆದದ್ದು ನಿಲ್ಲುತ್ತದೆ.

ಪದ್ಯ ಕೈಗೆ ಬಂದಾಗ ಮೊದಲು ಕ್ರಿಯಾಪದ ಹುಡುಕು, ಆಮೇಲೆ ಅದರ ಕರ್ತೃ, ಕರ್ಮ. ಸಂಧಿ ಬಿಡಿಸಿದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆ. ಗದ್ಯಾನುವಾದವನ್ನು ಮುಂಚೆ ನೋಡಬೇಡ. ನೋಡಿದರೆ ತಿಳಿಯಿತು ಎಂಬ ಭ್ರಮೆಯಷ್ಟೇ ಉಳಿಯುತ್ತದೆ. ಕಂದ ಪದ್ಯವಾದರೆ 1, 3ನೇ ಸಾಲಿಗೆ 12 ಮಾತ್ರೆ, 2, 4ಕ್ಕೆ 20. ಲೆಕ್ಕ ಕೂಡದಿದ್ದರೆ ಅಕ್ಷರ ಬಿಟ್ಟು ನಕಲು ಮಾಡಿದ್ದೀಯಾ ಎಂದು ನೋಡು. ಅದೂ ಸರಿಯಿದ್ದರೆ ಶಿಥಿಲದ್ವಿತ್ವ ಇರಬಹುದು. ಅಲ್ಲಿ ಒತ್ತಕ್ಷರದ ಹಿಂದಿನದೂ ಲಘುವೇ, ಅಂದರೆ ಒಂದೇ ಮಾತ್ರೆ.

1894ರ ಕಿಟೆಲ್ ನಿಘಂಟು ಪಕ್ಕದಲ್ಲಿರಲಿ. ಮಳೆ ಕೈಕೊಟ್ಟು ಸ್ಪ್ರಿಂಕ್ಲರ್ ಹಾಕಬೇಕಾಗಿ ಬಂದರೆ ಆ ಕೆಲಸವನ್ನು ಮೊದಲೇ ಯಾರಿಗಾದರೂ ಒಪ್ಪಿಸಿಬಿಡು. ಪಂಪನ ಹೊತ್ತಿನಲ್ಲಿ ಪಂಪ್‌ಸೆಟ್ಟಿನ ಫೋನು ಬರಬಾರದು.

ಇತಿ,
ನಿನ್ನ ದೊಡ್ಡಪ್ಪ