ಸ್ಯಾನ್ ಹೋಸೆ ಕೋರ್ಟಿನ ಸಾಲಿನಲ್ಲಿ ಸಿಕ್ಕ ಆ ಅಮ್ಮನಿಗೆ

ತೀರಿಕೊಂಡ ಚಿಕ್ಕಪ್ಪನ ಉಯಿಲಿನ ಪ್ರೊಬೇಟ್ ಫೈಲ್, ಅಂದರೆ ಉಯಿಲನ್ನು ಕೋರ್ಟು ಪರಿಶೀಲಿಸಿ ಒಪ್ಪುವ ಕೇಸಿನ ಕಡತ, ಹುಡುಕಿಕೊಂಡು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕೋರ್ಟಿಗೆ ಬಂದಿದ್ದೆ. ಅವರು ಕೆಲಸ ಮಾಡಿದ್ದು ಅಲ್ಲೇ ಅಲ್ವಾ, ಫೈಲೂ ಅಲ್ಲೇ ಇರುತ್ತದೆ ಅಂದುಕೊಂಡಿದ್ದೆ. ಹಿಂದೆ ನಿಂತಿದ್ದ ನೀವು ಕೇಳಿದ್ದು ಒಂದೇ ಮಾತು: ಕೊನೆಗೆ ಮನೆ ಎಲ್ಲಿತ್ತು? ಫ್ರೀಮಾಂಟ್ ಅಂದೆ. ಹಾಗಾದರೆ ಅಲಮೀಡಾ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕೋರ್ಟಿಗೆ ಹೋಗಿ, ತೀರಿಕೊಂಡಾಗ ವಾಸವಿದ್ದ ಕೌಂಟಿಯಲ್ಲೇ ಪ್ರೊಬೇಟ್ ನಡೆಯುವುದು ಎಂದಿರಿ. ಪಾರ್ಕಿಂಗ್ ಚೀಟಿಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟಿರಿ. ಮೊದಲು ಹೆಸರು ಹಾಕಿ ಕೇಸ್ ನಂಬರ್ ಹುಡುಕಿ, ಆಮೇಲೆ ಪ್ರತಿ ಕೇಳಿ, ಪುಟಕ್ಕೆ 50 ಸೆಂಟ್, ಬ್ಯಾಂಕಿಗೆ ಕೊಡುವುದಾದರೆ ಕೋರ್ಟಿನ ಸೀಲಿರುವ ಪ್ರತಿ.

ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲಿಲ್ಲ. ಮೊನ್ನೆ ಫೈಲ್ ಸಿಕ್ಕಿತು. ಕೊನೆಯ ಪುಟದಲ್ಲಿ ಚಿಕ್ಕಪ್ಪನ ಸಹಿ, ಕನ್ನಡದಲ್ಲಿ. ಊರಲ್ಲಿರುವ ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅಜ್ಜಿ ಫೋನಿನ ಮೇಲೆಯೇ ಆ ಅಕ್ಷರ ಸವರಿದರು. ತುಂಬಾ ಥ್ಯಾಂಕ್ಸ್ ಅಮ್ಮ.